ನೂರಕ್ಕೆ ನೂರು ಹಾಜರಿ, ಸುಲಿಯದ ಒಂದು ಬಾಳೆಹಣ್ಣು

ಮಾನ್ಯ ಮೇಲಧಿಕಾರಿಗಳೇ,

ಕಮಲಾಪುರದ ನಮ್ಮ ಅಂಗನವಾಡಿಯಲ್ಲಿ ನೂರಕ್ಕೆ ನೂರು ಹಾಜರಿ ಎಂದು ಕಲಬುರಗಿಯ ಸಭೆಯಲ್ಲಿ ನನ್ನನ್ನು ಎಬ್ಬಿಸಿ ಚಪ್ಪಾಳೆ ಹೊಡೆಸಿದಿರಿ. ದಯಮಾಡಿ ಆ ಚಪ್ಪಾಳೆ ವಾಪಸು ತೆಗೆದುಕೊಳ್ಳಿ. ಹತ್ತೂವರೆಯ ಮೇಲೆ ನನ್ನ ಕೇಂದ್ರದಲ್ಲಿ ಒಂದು ಮಗುವೂ ಇರುವುದಿಲ್ಲ.

ಸಹಾಯಕಿ ಕಸ್ತೂರಿಬಾಯಿ ನಿವೃತ್ತರಾಗಿ ವರ್ಷವಾಯಿತು. ಅವರ ಜಾಗಕ್ಕೆ ಯಾರನ್ನೂ ಕಳಿಸದೆ, ನನ್ನನ್ನು ಮನೆಮನೆ ಸಮೀಕ್ಷೆಗೆ ಹಚ್ಚಿ, ಆದೇಶ ಹೊರಡಿಸಿದಿರಿ: ಹಾಜರಿಗೆಂದು ಮಗುವಿನ ಮುಖದ ಫೋಟೊ ಮೊಬೈಲಿಗೆ ಏರಿಸಿ, ಆಹಾರ ಕೈಗೆ ಕೊಟ್ಟು, ಮನೆಗೆ ಕಳಿಸಿ. ಸಮೀಕ್ಷೆ ಮುಗಿದು ಎರಡು ತಿಂಗಳಾದವು, ಆದೇಶ ಮುಗಿದಿಲ್ಲ. ಸುಳ್ಳೇಕೆ ಹೇಳಲಿ, ಮೊದಲ ವಾರ ನನಗೂ ಆರಾಮ ಅನ್ನಿಸಿತ್ತು. ಈಗ ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸುತ್ತೇನೆ. ಇಪ್ಪತ್ತೆರಡು ವರ್ಷ ಗದ್ದಲದಲ್ಲಿ ಬದುಕಿದವಳಿಗೆ ಈ ಮೌನದಲ್ಲಿ ಕೂಡಲು ಬರುವುದಿಲ್ಲ.

ಮುಖ ಬಂದರೆ ಮಗು ಬಂದಂತೆಯೇ? ತಮ್ಮದೇ ತರಬೇತಿಯಲ್ಲಿ ನಮಗೆ ಕಲಿಸಿದ್ದಿರಿ: ಮನಸ್ಸನ್ನು ಹತೋಟಿಯಲ್ಲಿಡುವುದು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಯೋಚಿಸಿ ಕೈಹಾಕುವುದು, ಇವೆಲ್ಲ ಮೂರರಿಂದ ಆರು ವರ್ಷದೊಳಗೆ ಕುದುರುತ್ತವೆ, ಅದಕ್ಕೆ ಓರಗೆಯ ಮಕ್ಕಳ ಜೊತೆ ದಿನವೂ ಕೂತು ಆಡಬೇಕು ಎಂದು. ಫೋಟೊ ತೆಗೆಯುವ ಅರ್ಧ ನಿಮಿಷದಲ್ಲಿ ಇದರಲ್ಲಿ ಯಾವುದು ಕುದುರುತ್ತದೆ ಎಂಬುದನ್ನೂ ಒಂದು ಸುತ್ತೋಲೆಯಲ್ಲಿ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಮ್ಮೂರ ಕೆಂಪು ಬಾಳೆಹಣ್ಣು ಹಂಚುವಾಗ, ಕೊನೆಯ ಮಗುವಿನ ಕೈಗೆ ಹಣ್ಣು ಸೇರುವ ತನಕ ಯಾರೂ ಸಿಪ್ಪೆ ಸುಲಿಯುವಂತಿಲ್ಲ. ಹಂಚುವ ಸರದಿ ಬಂದ ಮಗು ಎಲ್ಲರಿಗಿಂತ ಕೊನೆಗೆ ತಿನ್ನಬೇಕು. ಜುಬೇದಾ ಅವರ ಮಗಳು ಮದಿಹಾ ಬಂದ ಹೊಸತರಲ್ಲಿ ಹಣ್ಣು ಕಸಿಯುತ್ತಿದ್ದಳು, ಕಚ್ಚುತ್ತಿದ್ದಳು. ಐದು ತಿಂಗಳು ಹಿಡಿಯಿತು. ಒಂದು ದಿನ ತಾನೇ ಹಣ್ಣು ಹಂಚಿ, ತನ್ನದನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲರ ಮುಖ ನೋಡುತ್ತ ಕೂತಳು. ಕಸ್ತೂರಿಬಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು.

ಇದನ್ನು ಹೇಳಲು ಮೂರು ಸಲ ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ತಾವು ಮೂರು ಸಲವೂ ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಕಂಪ್ಯೂಟರ್ ನೋಡಿ, "ನಿಮ್ಮ ಹಾಜರಿ ಛಲೋ ಅದ ಅಲ್ರೀ, ಮತ್ತೇನು ಬೇಕು?" ಎಂದರು. ನನಗೆ ಬೇಕಾದದ್ದು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ.

ಮದಿಹಾ ಈಗ ಮನೆಯಲ್ಲಿ ತಮ್ಮನ ಕೈಯಿಂದ ಕಸಿಯಲು ಶುರುಮಾಡಿದ್ದಾಳೆಂದು ಜುಬೇದಾ ಹೇಳುತ್ತಿದ್ದರು. ಆದರೆ ಕಳೆದ ಸೋಮವಾರ ಫೋಟೊ ಆದ ಮೇಲೂ ಆ ಹುಡುಗಿ ಮನೆಗೆ ಹೋಗಲಿಲ್ಲ. ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತು ಹಣ್ಣನ್ನು ಮಡಿಲಲ್ಲಿಟ್ಟುಕೊಂಡಳು. ತಿನ್ನು ಎಂದೆ.

"ಎಲ್ಲಾರೂ ಬರ್ಲಿರಿ ಟೀಚರ್. ಆಮ್ಯಾಲ ತಿಂತೀನಿ."

ಉಳಿದವರೆಲ್ಲ ಆಗಲೇ ಮನೆ ಸೇರಿದ್ದರು. ನಾನೂ ಅವಳ ಪಕ್ಕ ಕೂತು ಬಾಗಿಲ ಕಡೆ ನೋಡಿದೆ. ಜುಬೇದಾ ಬಂದು ಕರೆದೊಯ್ಯುವಾಗಲೂ ಹಣ್ಣು ಸುಲಿದಿರಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಸಹಾಯಕಿಯನ್ನು ಕಳಿಸಿ, ಆದೇಶ ಹಿಂಪಡೆದು, ಮಕ್ಕಳನ್ನು ಮಧ್ಯಾಹ್ನದ ತನಕ ನನ್ನ ಬಳಿ ಬಿಡಿ. ಆಗದಿದ್ದರೆ ಒಂದು ದಿನ ತಾವೇ ಬಂದು, ಯಾರೂ ಬರುವುದಿಲ್ಲವೆಂದು ಮದಿಹಾಗೆ ಹೇಳಿ ಹೋಗಿ. ಅದು ನನ್ನಿಂದ ಆಗುವುದಿಲ್ಲ.

ಇಂತಿ,
ದಾಖಲೆಯಲ್ಲಿ ಮಕ್ಕಳ ನಡುವೆ ಇರುವ,
ಶೇವಂತಾ
ಅಂಗನವಾಡಿ ಕಾರ್ಯಕರ್ತೆ, ಕಮಲಾಪುರ