ಸೀಗೆಹಟ್ಟಿ ಕಾವಲಿಗೆ ಟ್ರ್ಯಾಕ್ಟರ್ ತರಲು ಹೊರಟವರಿಗೆ

ಕಾವಲು ಹೋದ ನೂರಹದಿನಾರನೇ ವರ್ಷ
ಒಣಮಘೆ, ಏಳನೇ ವಾರ
ತಿರುಗದಮೂಲೆ, ಸೀಗೆಹಟ್ಟಿ

ಚಿನ್ನೋಬಯ್ಯಜ್ಜನವರಿಗೆ,

ಮೇಲಿನ ತಾರೀಕು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಿಮ್ಮ ಕಾಲದಲ್ಲಿ ಮಘೆ ಮಳೆಗೆ ಎರಡು ವಾರದ ಗಡುವು ಇತ್ತಂತೆ. ಬಂದರೂ ಬಾರದಿದ್ದರೂ ಅದು ಮುಗಿದು ಹುಬ್ಬೆ ಶುರುವಾಗುತ್ತಿತ್ತಂತೆ. ನಾವು ಹಾಗೆ ಬಿಟ್ಟುಕೊಡುವುದಿಲ್ಲ. ಬಾರದ ಮಳೆ ಬರುವವರೆಗೂ ಅದರ ಹೆಸರಿನಲ್ಲೇ ದಿನ ನೂಕುತ್ತೇವೆ, ಹೆಸರಿನ ಮುಂದೆ ‘ಒಣ’ ಎಂದು ಸೇರಿಸುತ್ತೇವೆ. ವರ್ಷವನ್ನು ಹುಲ್ಲಿನ ಕಾವಲು ಹೋದಲ್ಲಿಂದ ಏಕೆ ಎಣಿಸುತ್ತೇವೆ ಎಂಬುದನ್ನು ತಿಳಿಸಲೆಂದೇ ಈ ಪತ್ರ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದಲೂ ಟ್ರ್ಯಾಕ್ಟರ್ ಕಂಪನಿಗಳ ಹಳೆಯ ಕರಪತ್ರಗಳಿಂದಲೂ ಕಲಿತೆ. ಹಿರಿಯರಿಗೆ ‘ಪೂಜ್ಯರೇ’ ಎಂದು ಬರೆಯುವುದು ವಾಡಿಕೆ ಎಂಬುದೂ ಗೊತ್ತು. ಕೈ ಬರಲಿಲ್ಲ.

ನಾನು ನಿಮ್ಮ ಮಗನ ವಂಶದವಳು, ಹೆಸರು ಕ್ಯಾತಮ್ಮ. ಈ ಹಟ್ಟಿಯ ನೆನಪುಗಾರ್ತಿ. ನಮ್ಮಲ್ಲಿ ಪ್ರತಿ ಊರಿಗೂ ಒಬ್ಬ ನೆನಪುಗಾರ್ತಿ ಇರುತ್ತಾಳೆ. ಹಿಂದೆ ಯಾರು ಯಾವ ಮಾತು ಆಡಿದರು ಎಂಬುದನ್ನು ಅವರ ದನಿ, ಅವರ ಕೆಮ್ಮು ಸಹಿತ ಬಾಯಿಪಾಠ ಮಾಡಿ, ವರ್ಷಕ್ಕೊಮ್ಮೆ ಊರ ಮುಂದೆ ಆಡಿ ತೋರಿಸುವುದು ಅವಳ ಕೆಲಸ. ಕಾಗದ ಗೆದ್ದಲಿಗೆ ಹೋಗುತ್ತದೆ, ಯಂತ್ರದೊಳಗೆ ಇಟ್ಟದ್ದು ಯಂತ್ರದೊಂದಿಗೆ ಹೋಗುತ್ತದೆ ಎಂಬುದನ್ನು ಕಂಡುಕೊಂಡ ಮೇಲೆ ಹುಟ್ಟಿದ ಪದ್ಧತಿ ಇದು. ನಿಮ್ಮ ಮಾತುಗಳನ್ನು ಮೊದಲು ಬಾಯಿಪಾಠ ಮಾಡಿದವಳು ನಿಮ್ಮ ಸೊಸೆ. ಅವಳು ಅಡುಗೆಮನೆಯಲ್ಲಿ ಸುಮ್ಮನೆ ರೊಟ್ಟಿ ತಟ್ಟುತ್ತಿದ್ದಳು ಎಂದು ನೀವು ತಿಳಿದಿದ್ದೀರಿ.

ಈ ಪತ್ರ ನಿಮ್ಮ ಕೈ ಸೇರುವಾಗ ಕಾವಲು ಇನ್ನೂ ಇರುತ್ತದೆ. ನಲವತ್ತು ಎಕರೆ ಹುಲ್ಲು, ಹಟ್ಟಿಯ ಎಲ್ಲ ದನಗಳಿಗೂ ಸೇರಿದ್ದು. ಬೋಸಮ್ಮ ಊರಿನಲ್ಲಿ ಇರುವುದಿಲ್ಲ. ಅವಳು ಏಕೆ ಇಲ್ಲ ಎಂಬುದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ಮರೆಯುವುದು ನಿಮಗೆ ಸುಲಭವಾಯಿತು.

ಕಾವಲಿನಲ್ಲಿ ಬಳ್ಳಾರಿ ಜಾಲಿ ಏಳತೊಡಗಿತ್ತು, ದನ ತುಳಿದು ಕರಡದ ಹುಲ್ಲು ಸೊರಗಿತ್ತು. ಒಂದು ವರ್ಷ ದನ ಬಿಡದಿದ್ದರೆ ಹುಲ್ಲು ಚೇತರಿಸಿಕೊಳ್ಳುತ್ತದೆ, ಅಷ್ಟರಲ್ಲಿ ಹುಲ್ಲು ಕೊಯ್ಯುವ, ಜಾಲಿ ಸಸಿ ಸವರುವ ಸಣ್ಣ ಟ್ರ್ಯಾಕ್ಟರ್ ತರೋಣ ಎಂದು ಕಾವಲು ನೋಡಿಕೊಳ್ಳುವ ಸಂಘದ ಅಧ್ಯಕ್ಷರಾದ ನೀವೇ ಹೇಳಿದಿರಿ. ಊರಿನಲ್ಲಿ ಹೆಚ್ಚು ದನ ಇದ್ದದ್ದು ಬೋಸಮ್ಮನಿಗೆ. ಅವಳು ಒಪ್ಪದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಕಟ್ಟೆಯ ಮೇಲೆ ಆದ ಆ ಮಾತು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು.

“ವರ್ಸಗಟ್ಲೆ ದನ ಎಲ್ಲಿಗ್ ಹೊಡ್ಕಂಡು ಹೋಗ್ಲೋ ಚಿನ್ನೋಬ? ನಿನ್ ತಲೆ ಮ್ಯಾಲೆ ಮೇಯಿಸ್ಲಾ?”

“ನನ್ ತಲ್ಯಾಗೆ ಹುಲ್ಲೆಲ್ಲೈತಕ್ಕ, ಬೋಳು ಕಾವಲು ಅದು. ಹೊಳೆ ಕಡೀಕೆ ಹೋಗು. ನೀನ್ ವಾಪಸ್ ಬರೋ ಹೊತ್ಗೆ ಎದೆಮಟ್ಟ ಹುಲ್ಲು ನಿಂತಿರ್ತೈತೆ, ಪಕ್ಕದಾಗೆ ಕುಯ್ಯೋ ಮಿಷನ್ ನಿಂತಿರ್ತೈತೆ.”

“ದೊಡ್ಡ ಗಾಡಿ ತಂದ್ರೆ ನೆಲ ಕೂತ್ಕಂಡ್ ಬಿಡ್ತೈತೆ ಕಣಪ್ಪ.”

“ಸಣ್ದೇ ತರಾದು. ಕಾವಲಿನ ಮ್ಯಾಲಾಣೆ.”

ಜನ ನಕ್ಕರು. ಬೋಳು ತಲೆಯ ಮಾತಿಗೆ ಇಂದಿಗೂ ನಗುತ್ತಾರೆ. ಆಣೆಯ ಮಾತು ಬಂದಾಗ ನಾನು ಸ್ವಲ್ಪ ನಿಲ್ಲಿಸುತ್ತೇನೆ, ನಗು ತಾನಾಗಿಯೇ ಇಳಿಯುತ್ತದೆ. ಮಾರನೆಯ ದಿನವೇ ಬೋಸಮ್ಮ ದನ ಹೊಡೆದುಕೊಂಡು ಹೊಳೆಯ ಕಡೆಗೆ ಹೊರಟಳು. ಅವಳ ಹಿಂದೆ ಉಳಿದವರೂ ಹೊರಟರು.

ಈ ಶುಕ್ರವಾರ ನೀವು ಗಾಡಿ ಓಡಿಸಬಲ್ಲ ಪಾಲಯ್ಯನನ್ನು ಕರೆದುಕೊಂಡು ಪೇಟೆಗೆ ಹೋಗುತ್ತೀರಿ. ಇನ್ನು ಮುಂದೆ ಬರೆಯುವುದು ನಮಗೆ ಆಗಿಹೋದದ್ದು, ನಿಮಗೆ ಆಗಬೇಕಾದದ್ದು. ಅಂಗಡಿಯಲ್ಲಿ ನೀವು ಮೊದಲು ನಿಂತದ್ದು ಸಣ್ಣ ಟ್ರ್ಯಾಕ್ಟರಿನ ಹತ್ತಿರವೇ. ಅಷ್ಟು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಇಪ್ಪತ್ತು ಹೆಚ್‌ಪಿಯ ಹಗುರವಾದ ಗಾಡಿ. ಅದರ ಪಕ್ಕಕ್ಕೆ ಚಾಚಿಕೊಳ್ಳುವ, ಕತ್ತರಿಯಂಥ ಹಲ್ಲುಪಟ್ಟಿಯ ಕಟರ್ ಕೂಡ ಅಲ್ಲಿತ್ತು. ಅಂಗಡಿಯ ಹುಡುಗ ನಿಮ್ಮ ಹೆಗಲ ಮೇಲಿನ ಟವೆಲ್ ನೋಡಿ, ನಿಮ್ಮ ಮೀಸೆ ನೋಡಿ, ಮಾತು ಶುರುಮಾಡಿದ.

“ಯಜಮಾನ್ರೇ, ಇದು ದ್ರಾಕ್ಷಿ ತೋಟದವ್ರು ಸಾಲಿನ ಸಂದಿಯಾಗೆ ಓಡ್ಸೋ ಗಾಡಿ. ನೀವು ಇದ್ರ ಮ್ಯಾಲೆ ಕೂತು ಹಟ್ಟಿಗೆ ಹೋದ್ರೆ ಮಕ್ಳು ಆಟದ ಸಾಮಾನು ಅಂತ ಕಿತ್ಕಂಬಿಡ್ತಾವೆ.”

ಪಾಲಯ್ಯ ಹಲ್ಲು ಕಿರಿದ. ಆಮೇಲೆ ಅವನು ಆಡಿದ ಮಾತೇ ಕಾವಲನ್ನು ಕೊಂದದ್ದು. “ಅಲ್ಲಣ್ಣ, ನಮ್ ಚಿತ್ತಣ್ಣನ ಮಗ್ಳು ಮದುವೆ ಬಂತು. ಇದ್ಕೆ ಟ್ರೇಲರ್ ಹಾಕಿದ್ರೆ ಹೆಣ್ಣು ಗಂಡು ಕೂತ್ಕಬೇಕು, ದಿಬ್ಬಣ ಹಿಂದೆ ಓಡಿ ಬರ್ಬೇಕು.”

ದಿಬ್ಬಣ! ನಲವತ್ತು ಎಕರೆ ಹುಲ್ಲಿಗೆ ಯಂತ್ರ ಆರಿಸಲು ಹೋದವರು ಮದುವೆಯ ಜನರನ್ನು ಲೆಕ್ಕ ಹಾಕುತ್ತ ನಿಂತಿರಿ. ನಾನು ನಿಮ್ಮ ಕಾಲದ ಕರಪತ್ರಗಳನ್ನೆಲ್ಲ ಓದಿದ್ದೇನೆ. ಎಲ್ಲದರಲ್ಲೂ ಗಾಡಿ ಬಂಡೆಯ ಮೇಲೆ ಮುಂದಿನ ಚಕ್ರ ಎತ್ತಿಕೊಂಡು ನಿಂತಿರುತ್ತದೆ, ಪಕ್ಕದಲ್ಲೊಬ್ಬ ಮೀಸೆ ತಿರುವುತ್ತಿರುತ್ತಾನೆ. ಹುಲ್ಲು ಯಾವ ಚಿತ್ರದಲ್ಲೂ ಇಲ್ಲ. ಐವತ್ತೈದು ಹೆಚ್‌ಪಿಯ ಗಾಡಿ ತಂದಿರಿ. ದೊಡ್ಡ ಟ್ರೇಲರ್ ತಂದಿರಿ. ಜೊತೆಗೆ ಬರುತ್ತದೆ ಎಂದು ನೆಲವನ್ನು ಪುಡಿಪುಡಿ ಮಾಡುವ ರೋಟವೇಟರ್ ತಂದಿರಿ. ಹುಲ್ಲು ಕೊಯ್ಯುವ ಕಟರ್ ಮಾತ್ರ ‘ಆಮೇಲೆ ನೋಡಾನ’ ಎಂದು ಅಂಗಡಿಯಲ್ಲೇ ಉಳಿಯಿತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಚೆಂಡುಹೂವಿನ ಹಾರ ಹಾಕಿ, ಹಾರ್ನ್ ಹೊಡೆದುಕೊಂಡು ಊರು ಸುತ್ತಿದಿರಿ. ಮದುವೆ ಚೆನ್ನಾಗಿ ಆಯಿತಂತೆ.

ಮದುವೆ ಮುಗಿದ ಮೇಲೆ ಗಾಡಿ ಸುಮ್ಮನೆ ನಿಂತಿತು. “ನಿಂತ್ರೆ ತುಕ್ಕು ಹಿಡೀತೈತೆ,” ಎಂದ ಪಾಲಯ್ಯ. ರಸ್ತೆಯ ಪಕ್ಕದ ಒಂದು ಪಟ್ಟಿಯಲ್ಲಿ ಮೇವಿನ ಜೋಳ ಹಾಕಿ ನೋಡೋಣ ಎಂದು ಕಾವಲಿಗೆ ರೋಟವೇಟರ್ ಇಳಿಸಿದಿರಿ. ಅದರ ಪಕ್ಕದ ಪಟ್ಟಿ ಸೊಟ್ಟ ಕಾಣುತ್ತದೆ ಎಂದು ಅದನ್ನೂ ಹೊಡೆದಿರಿ. ಹಾಗೇ ಪಟ್ಟಿಯ ಮೇಲೆ ಪಟ್ಟಿ ಹೊಡೆದು ಕಾವಲನ್ನೇ ಮುಗಿಸಿದಿರಿ. ಅಜ್ಜ, ಮನುಷ್ಯ ಕೆಲಸಕ್ಕೆ ಸಲಕರಣೆ ತರುತ್ತಾನೆ ಎಂದು ನಿಮ್ಮ ಕಾಲದವರು ನಂಬಿದ್ದಿರಿ. ತಂದ ಸಲಕರಣೆಗೆ ಕೆಲಸ ಹುಡುಕುವುದನ್ನೇ ನಾವು ಕಂಡದ್ದು. ನಿಮ್ಮ ಹತ್ತಿರ ಕೊಯ್ಯುವ ಕಟರ್ ಇದ್ದಿದ್ದರೆ ತುಕ್ಕಿಗೆ ಹೆದರಿ ಹುಲ್ಲು ಕೊಯ್ಯುತ್ತಿದ್ದಿರಿ. ಉಳುವ ಯಂತ್ರ ಇತ್ತು, ಉತ್ತಿರಿ.

ಬೋಸಮ್ಮ ವಾಪಸು ಬಂದದ್ದು ಉತ್ತರೆ ಮಳೆಯಲ್ಲಿ. ದನಗಳು ದಾರಿಯ ಗುರುತು ಹಿಡಿದು ಅವಳಿಗಿಂತ ಮುಂದೆ ಓಡಿ ಕಾವಲಿಗೆ ನುಗ್ಗಿದವು. ಮುಸುಡಿ ಇಳಿಸಿದವು, ಮಣ್ಣು ಮೆತ್ತಿಕೊಂಡು ಎತ್ತಿದವು. ನೀವು ಅಲ್ಲೇ ಇದ್ದಿರಿ.

“ಹುಲ್ಲೆಲ್ಲೋ ಚಿನ್ನೋಬ?”

“ಜೋಳ ಬರ್ತೈತಲ್ಲಕ್ಕ. ಅದೂ ದನ ತಿಂಬಾದೇ. ನೀನ್ಯಾಕೆ ಹಂಗ್ ನೋಡ್ತೀಯ?”

“ನಾನು ಮಾತು ಉಳಿಸ್ಕಂಡೆ. ನೀನೇನ್ ಉಳಿಸ್ಕಂಡ್ಯಪ್ಪ?”

ಟ್ರ್ಯಾಕ್ಟರಿನ ಮೇಲಿದ್ದ ಪಾಲಯ್ಯ ಇಂಜಿನ್ ಜೋರು ಮಾಡಿದ. ಅವಳು ಹಟ್ಟಿಯೊಳಗೆ ಕಾಲಿಡದೆ, ಅದೇ ಸಂಜೆ ದನ ತಿರುಗಿಸಿಕೊಂಡು ಹೋದಳು. ಮತ್ತೆ ಬರಲಿಲ್ಲ, ಅವಳ ಹಿಂದೆ ಹೋಗಿದ್ದವರೂ ದನ ವಾಪಸು ತರಲಿಲ್ಲ. ಸೀಗೆಹಟ್ಟಿಯಲ್ಲಿ ಆಮೇಲೆ ದನದ ಹಿಂಡು ಇರಲೇ ಇಲ್ಲ.

ಜೋಳ ಒಂದು ವರ್ಷ ಬಂತು. ಮುಂದಿನ ವರ್ಷ ಮೊಣಕಾಲುದ್ದ ಬಂತು. ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣು ಗಾಳಿಗೆ ಎದ್ದು ನಿಮ್ಮ ಮನೆಗಳ ಪಾತ್ರೆಗಳಲ್ಲೇ ಕೂತಿತು. ಆಮೇಲೆ ಜಾಲಿ ಬಂತು. ಅದು ಎಳೆಯದಾಗಿರುವಾಗಲೇ ಸವರಲು ಕಟರ್ ಇರಲಿಲ್ಲ. ಮರವಾದ ಮೇಲೆ ಐವತ್ತೈದು ಹೆಚ್‌ಪಿಯ ಗಾಡಿಯ ಚಕ್ರಕ್ಕೂ ಮುಳ್ಳು ನಾಟಿತು.

ನಾವು ಅದರೊಳಗೆ ಬದುಕುತ್ತಿದ್ದೇವೆ. ಬೆಳಿಗ್ಗೆ ಎದ್ದವರು ಮೊದಲು ಚಪ್ಪಲಿಯ ಅಟ್ಟೆ ತಿರುಗಿಸಿ ಮುಳ್ಳು ಕೀಳುತ್ತೇವೆ, ಆಮೇಲೆ ಮುಖ ತೊಳೆಯುತ್ತೇವೆ. ಹಾರೆ ಹಾಕಿದರೆ ಒಂದು ಗೇಣಿನ ಕೆಳಗೆ ಠಣ್ ಎನ್ನುತ್ತದೆ. ಅದಕ್ಕೆ ಕಂಚುನೆಲ ಎನ್ನುತ್ತೇವೆ. ನಿಮ್ಮ ಗಾಡಿಯ ಭಾರ ಹಸಿ ನೆಲವನ್ನು ಒತ್ತಿ ಒತ್ತಿ ಮಾಡಿದ ಪದರ ಅದು. ನೀರು ಅದರ ಮೇಲೆ ನಿಂತು ಒಣಗುತ್ತದೆ, ಕೆಳಗೆ ಇಳಿಯುವುದಿಲ್ಲ. ಹಸುವಿನ ಹಾಲು ಹಟ್ಟಿಯಲ್ಲಿ ಬಾಣಂತಿಯರಿಗೆ ಮಾತ್ರ, ಅದೂ ಮೂರು ಊರಿನಾಚೆಯಿಂದ ಬರಬೇಕು. ಕಾವಲಿನ ತೆಂಕಣ ತುದಿಯಲ್ಲಿ ಬಂಡೆಗಳ ನಡುವೆ ಒಂದು ಮೂಲೆಯಿದೆ. ನಿಮ್ಮ ಗಾಡಿ ಅಲ್ಲಿ ತಿರುಗಲಾರದೆ ಹೋದದ್ದರಿಂದ ಅಷ್ಟು ಜಾಗದಲ್ಲಿ ಹಳೆಯ ಕರಡ ಉಳಿಯಿತು. ಅದೇ ತಿರುಗದಮೂಲೆ. ಅಲ್ಲಿನ ಬೀಜ ಆಯ್ದು, ಜಾಲಿ ಕಡಿದು, ಕಂಚುನೆಲ ಒಡೆದು, ನನ್ನ ತಾಯಿಯ ಕಾಲದಿಂದ ನಾವು ಹುಲ್ಲು ಹಬ್ಬಿಸುತ್ತಿದ್ದೇವೆ. ಇಷ್ಟು ಜನ ಇಷ್ಟು ಕಾಲ ದುಡಿದು ಹಬ್ಬಿಸಿದ್ದು ನಿಮ್ಮ ಪಾಲಯ್ಯ ಒಂದು ಬೆಳಿಗ್ಗೆ ಹೊಡೆದಷ್ಟು ಜಾಗಕ್ಕೆ.

ಆದ್ದರಿಂದ ಟ್ರ್ಯಾಕ್ಟರ್ ಆರಿಸುವುದನ್ನು ನಾವು ಕಲಿತದ್ದು ಬಲವಂತದಿಂದ. ಹೇಳುತ್ತೇನೆ, ಕೇಳಿ. ನಾವು ಗಾಡಿಯನ್ನು ಮೊದಲು ನೋಡುವುದಿಲ್ಲ. ಮೊದಲು ಹುಲ್ಲಿನ ನಡುವೆ ನಿಂತು ಅಲ್ಲಿ ಮಾಡಬೇಕಾದ ಕೆಲಸ ಯಾವುದು ಎಂದು ಮಾತಾಡಿಕೊಳ್ಳುತ್ತೇವೆ. ಕೊಯ್ಯಬೇಕು, ಕೊಯ್ದದ್ದನ್ನು ಸಾಲಾಗಿ ಬಾಚಬೇಕು, ಹೊತ್ತು ತರಬೇಕು. ಹಾಗಾದರೆ ಕಟರ್, ಬಾಚುವ ಕುಂಟೆ, ಸಣ್ಣ ಟ್ರೇಲರ್. ಅವನ್ನು ತಂದಿಟ್ಟ ಮೇಲೆ, ಅವನ್ನು ಎಳೆಯಲು ಸಾಕಾಗುವ ಅತ್ಯಂತ ಹಗುರ ಗಾಡಿ ಯಾವುದು ಎಂದು ಹುಡುಕುತ್ತೇವೆ. ಮಳೆ ಬಿದ್ದ ಮಾರನೆಯ ದಿನ ಅದನ್ನು ಹುಲ್ಲಿನ ಮೇಲೆ ನಡೆಸಿ, ಚಕ್ರದ ಗುರುತಿನೊಳಗೆ ಅಂಗೈ ಮಲಗಿಸುತ್ತೇವೆ. ಕೈಯ ಬೆನ್ನು ನೆಲಮಟ್ಟಕ್ಕಿಂತ ಕೆಳಗೆ ಹೋದರೆ ಗಾಡಿ ವಾಪಸು. ಚಕ್ರ ಅಗಲವಿರಬೇಕು, ಗಾಳಿ ಕಡಿಮೆಯಿರಬೇಕು. ಆ ಒಂದು ಪರೀಕ್ಷೆ ಬಿಟ್ಟರೆ ಗಾಡಿಯನ್ನು ಹಸಿ ನೆಲಕ್ಕೆ ಇಳಿಸಲೇಬಾರದು. ಇಳಿಜಾರಿನಲ್ಲಿ ಅಡ್ಡ ಓಡಿಸಬಾರದು, ಮಗುಚುತ್ತದೆ. ಬೀಜ ಉದುರಿದ ಮೇಲೆಯೇ ಕೊಯ್ಯಬೇಕು, ನಾಲ್ಕು ಬೆರಳು ಬುಡ ಬಿಡಬೇಕು. ನಡುವಿನಿಂದ ಶುರುಮಾಡಿ ಹೊರಕ್ಕೆ ಸುತ್ತುತ್ತ ಬಂದರೆ ಮೊಲಕ್ಕೂ ಗೌಜಲ ಹಕ್ಕಿಯ ಮರಿಗೂ ಓಡಲು ದಾರಿ ಇರುತ್ತದೆ. ಅಂಚಿನಿಂದ ಒಳಕ್ಕೆ ಹೋದರೆ ಕೊನೆಯ ಸುತ್ತಿನಲ್ಲಿ ಅವೆಲ್ಲ ಕಟರಿಗೆ ಸಿಗುತ್ತವೆ. ದಿಬ್ಬಣಕ್ಕೆ ಬಾಡಿಗೆ ವ್ಯಾನು ಸಿಗುತ್ತದೆ.

ಇದರಲ್ಲಿ ನಿಮಗೆ ತಿಳಿಯದೇ ಇದ್ದದ್ದು ಯಾವುದಿದೆ? ನೆಲ ಕೂತುಕೊಳ್ಳುತ್ತದೆ ಎಂದು ಬೋಸಮ್ಮ ನಿಮ್ಮ ಮುಖಕ್ಕೇ ಹೇಳಿದ್ದಳು. ತಿಳಿಯದವರ ಮೇಲೆ ನನಗೆ ಸಿಟ್ಟಿಲ್ಲ. ತಿಳಿದೂ, ಆಣೆಯನ್ನೂ ಇಟ್ಟು, ಎದುರಿಗಿದ್ದವಳು ದೂರ ಹೋದಳಲ್ಲ ಎಂದು ಧೈರ್ಯವಾಗಿ ತಪ್ಪಿದಿರಲ್ಲ, ಅದನ್ನು ನುಂಗಲು ಆಗುತ್ತಿಲ್ಲ. ನಾವೋ ಇನ್ನೂ ದೂರದವರು. ನಮಗೆ ಆಣೆ ಇಡುವ ಕಷ್ಟವನ್ನೂ ನೀವು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬರಲು ಇನ್ನೂ ಹೊತ್ತಿದೆ. ಅಂಗಡಿಯಲ್ಲಿ ನೀವು ಮೊದಲು ನಿಂತ ಜಾಗದಲ್ಲೇ ನಿಲ್ಲಿ. ಹುಡುಗ ನಗಲಿ, ಪಾಲಯ್ಯ ನಗಲಿ. ಸಣ್ಣ ಗಾಡಿ, ಹುಲ್ಲು ಕೊಯ್ಯುವ ಕಟರ್. ನಾನು ಕೇಳುವುದು ಇಷ್ಟೇ.

ನಮ್ಮಲ್ಲಿ ಹಿರಿಯರ ಹಬ್ಬ ಹತ್ತಿರ ಬಂದಿದೆ. ನಿಮ್ಮ ವಂಶದಲ್ಲಿ ಎಡೆ ಇಡುವ ಸರದಿ ಈ ವರ್ಷ ನನ್ನದು. ಇಷ್ಟು ಕಾಲ ನಮ್ಮವರು ನಿಮಗೆ ತಪ್ಪದೆ ಇಟ್ಟಿದ್ದಾರೆ. ಸತ್ತವರ ಮೇಲೆ ಹಗೆ ಏಕೆ ಎಂದು ಇಟ್ಟಿದ್ದಾರೆ. ಬೋಸಮ್ಮ ನಮ್ಮ ವಂಶದವಳಲ್ಲ, ಅವಳವರು ಎಲ್ಲಿದ್ದಾರೋ ತಿಳಿಯದು. ಮೊದಲ ಎಲೆ ಅವಳಿಗೆ ಹಾಕುತ್ತೇನೆ: ಹೋಳಿಗೆ, ತುಪ್ಪ, ಮೂರು ಊರಿನಾಚೆಯಿಂದ ತರಿಸಿದ ಒಂದು ಲೋಟ ಹಾಲು. ನಿಮ್ಮ ಎಲೆಯನ್ನೂ ಹಾಕುತ್ತೇನೆ, ನೀರು ಚಿಮುಕಿಸುತ್ತೇನೆ. ಶುಕ್ರವಾರ ನೀವು ದೊಡ್ಡ ಗಾಡಿಯನ್ನೇ ತಂದಿದ್ದರೆ ಬಡಿಸುವುದಿಲ್ಲ. ಬಂದು, ಕೂತು, ನೋಡಿಕೊಂಡು ಹೋಗಿ.

ಕ್ಯಾತಮ್ಮ