ಹಸಿರು ಪಟ್ಟಿಯ ಮಗು

ಹಾಸ್ಟೆಲ್
ಭಾನುವಾರ, ಹದಿನಾಲ್ಕನೇ ತಾರೀಖು

ನನ್ನ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುವ ಅಮ್ಮನಿಗೆ,

ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ತಡೆದು, ಸೈನ್ ಮಾಡಿ ಕೈ ತೊಳೆದುಕೋ ಅನ್ನುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಇಷ್ಟುದ್ದ ಬರೆದು ಎಷ್ಟೋ ಕಾಲವಾಯಿತು. ಒತ್ತಕ್ಷರ ತಪ್ಪಿದ್ದರೆ ಅಪ್ಪನ ಹಾಗೆ ಪೆನ್ನು ಹುಡುಕಬೇಡ, ಓದಿಕೊಂಡು ಹೋಗು. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಹಾಕಿದವರು ನೀವು, ನಾನಲ್ಲ.

ವಿಷಯ ನಿನಗೆ ಗೊತ್ತಿರುವುದೇ. ಬುಧವಾರದೊಳಗೆ ಕ್ಷಮಾಪಣೆ ಪತ್ರಕ್ಕೆ ಸೈನ್ ಹಾಕಬೇಕು. ಹಾಕದಿದ್ದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ನನ್ನ ಪೋಸ್ಟಿಂಗ್ ಕ್ಯಾನ್ಸಲ್. ಪೋಸ್ಟಿಂಗ್ ಹೋದರೆ ನರ್ಸಿಂಗ್ ಮೊದಲನೇ ವರ್ಷವನ್ನು ಮತ್ತೆ ಮೊದಲಿನಿಂದ ಓದಬೇಕು, ನನ್ನ ಜೊತೆಯವರೆಲ್ಲ ಮುಂದೆ ಹೋಗಿರುತ್ತಾರೆ. ಇಷ್ಟು ನಿನಗೆ ಗೊತ್ತು. ಅಲ್ಲಿ ಏನು ನಡೆಯಿತು ಎಂದು ಮಾತ್ರ ಯಾರೂ ಕೇಳಿಲ್ಲ, ನೀನೂ ಕೇಳಿಲ್ಲ.

ನಾನು ಡಾಕ್ಟರ ಪಕ್ಕ ನಿಂತು ಜೀವ ಉಳಿಸುತ್ತೇನೆ ಎಂದು ನೀನು ಅತ್ತೆಯ ಹತ್ತಿರ ಹೇಳಿಕೊಂಡು ಬಂದಿದ್ದೀಯಂತೆ. ದಯವಿಟ್ಟು ಹಾಗೆಲ್ಲ ಹೇಳಬೇಡ. ಮಕ್ಕಳ ಎಮರ್ಜೆನ್ಸಿಯ ಬಾಗಿಲಲ್ಲಿ ಒಂದು ಮೇಜಿದೆ. ಬರುವ ಪ್ರತಿ ಮಗುವನ್ನೂ ಒಬ್ಬ ಸಿಸ್ಟರ್ ಅಲ್ಲಿ ನೋಡಿ ಕಾಲಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಕೆಂಪಾದರೆ ಈಗಿಂದೀಗಲೇ ಒಳಗೆ. ಹಳದಿಯಾದರೆ ತುಸು ತಡೆದುಕೊಳ್ಳಬಹುದು. ಹಸಿರಾದರೆ ಬೆಂಚಿನ ಮೇಲೆ ಕೂತು ಸರದಿ ಕಾಯಬೇಕು. ನಾನು ಆ ಸಿಸ್ಟರಿಗೆ ಪಟ್ಟಿ ಹರಿದುಕೊಡುವವಳು. ಮಗುವನ್ನು ಮುಟ್ಟಬಾರದು, ಅಭಿಪ್ರಾಯ ಹೇಳಬಾರದು, ಕೂರಬಾರದು. ನಾನೊಂದು ಸ್ಟ್ಯಾಂಡ್, ಅಷ್ಟೇ.

ಆ ಸಿಸ್ಟರನ್ನು ನಾನು ಮನಸ್ಸಿನಲ್ಲೇ ಮೇಜಿನಕ್ಕ ಎಂದು ಕರೆಯುತ್ತೇನೆ. ಕೆಟ್ಟವರಲ್ಲ. ಮೊದಲ ದಿನ ನನ್ನ ಮುಖ ನೋಡಿಯೇ ತಿಂಡಿ ತಿಂದಿಲ್ಲ ಎಂದು ಕಂಡುಹಿಡಿದು ತಮ್ಮ ಡಬ್ಬಿಯ ಅರ್ಧವನ್ನು ನನ್ನ ಕಡೆ ತಳ್ಳಿದವರು. ಆದರೆ ಆ ಮೇಜಿಗೆ ಒಂದು ಅಭ್ಯಾಸವಿದೆ. ಎಲ್ಲರೂ ಕಾಯುವ ಹಾಲ್‌ನಲ್ಲಿ ಒಂದು ಕೂಸು ಎದ್ದು ಅತ್ತರೆ ಪಕ್ಕದ್ದು ಏಳುತ್ತದೆ, ಅದರ ಪಕ್ಕದ್ದೂ ಏಳುತ್ತದೆ. ಆಮೇಲೆ ಯಾರ ಎದೆಬಡಿತವೂ ಯಾರಿಗೂ ಕೇಳುವುದಿಲ್ಲ, ಅಪ್ಪಂದಿರು ಮೇಜಿನ ಸುತ್ತ ಮುತ್ತಿಕೊಂಡು ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಈಗ ತಾನೇ ಮಲಗಿತು ಎಂದು ತಾಯಿ ಪಿಸುಗುಟ್ಟಿದರೆ ಸಾಕು, ಸಿಸ್ಟರುಗಳೂ ಪಿಸುಗುಟ್ಟುತ್ತಾರೆ. ಬಟ್ಟೆ ಸರಿಸುವುದಿಲ್ಲ, ಎಬ್ಬಿಸುವುದಿಲ್ಲ. ಮಲಗಿದ ಕೂಸಿಗೆ ಹಸಿರು, ಇದು ಅವರ ಗಾದೆ. ಎಬ್ಬಿಸಿ ನೋಡದೆ ಪಟ್ಟಿ ಕಟ್ಟಬೇಡಿ ಎಂದು ನಮ್ಮ ಪುಸ್ತಕದಲ್ಲಿದೆ. ಪುಸ್ತಕ ಬರೆದವರು ಆ ಹಾಲ್‌ನಲ್ಲಿ ನಿಂತಿಲ್ಲ ಎಂದು ಇಲ್ಲಿಯವರು ನಗುತ್ತಾರೆ.

ಗುರುವಾರ ಬೆಳಿಗ್ಗೆ ಒಬ್ಬ ಅಜ್ಜಿ ಐದು ತಿಂಗಳ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಎರಡು ದಿನದಿಂದ ವಾಂತಿ, ಭೇದಿ. ಅತ್ತೂ ಅತ್ತೂ ಸುಸ್ತಾಗಿ ಬಸ್ಸಿನಲ್ಲಿ ಕಣ್ಣು ಮುಚ್ಚಿತಂತೆ. ಅದನ್ನು ಹೇಳುವಾಗ ಅಜ್ಜಿಯ ಮುಖದಲ್ಲಿ ಎಂಥ ನೆಮ್ಮದಿ ಅಂತೀಯ. ಮೇಜಿನಕ್ಕ ತಲೆಯಾಡಿಸಿದರು, ನಾನು ಹಸಿರು ಪಟ್ಟಿ ಹರಿದುಕೊಟ್ಟೆ. ಅಜ್ಜಿ ನೀರಿನ ಕ್ಯಾನಿನ ಪಕ್ಕ ಬೆಂಚಿನ ಕೊನೆಯಲ್ಲಿ ಕೂತರು. ಅವರ ಹಿಂದೆಯೇ ಬಂದ ಒಬ್ಬ ಪುಂಡ, ಮೂಗಿನಲ್ಲಿ ರಬ್ಬರ್ ಚೂರು ತುರುಕಿಕೊಂಡವನು, ಸೂರು ಹಾರಿಹೋಗುವ ಹಾಗೆ ಕಿರುಚಿ ಹಳದಿ ಪಟ್ಟಿ ಗಿಟ್ಟಿಸಿಕೊಂಡು ಒಳಗೆ ನಡೆದ. ಇಲ್ಲಿ ಬಾಯಿದ್ದವರಿಗೇ ಬಾಗಿಲು.

ಸ್ವಲ್ಪ ಹೊತ್ತಿಗೆ ಮೇಜಿನಕ್ಕ ಹೊಸ ಗ್ಲೌಸ್ ತರಲು ಒಳಗೆ ಹೋದರು. ನಾನು ಬೆಂಚಿನ ಹತ್ತಿರ ಹೋಗಿ ಆ ಮಗುವನ್ನು ಗಮನಿಸಿದೆ. ನೆತ್ತಿ ತಗ್ಗಿತ್ತು. ಕಣ್ಣು ಗುಳಿಬಿದ್ದಿತ್ತು. ತುಟಿ ಒಣಗಿತ್ತು. ಪುಸ್ತಕದಲ್ಲಿ ಬರೆದಿರುವ ಹಾಗೇ, ಒಂದೊಂದೂ. ಅನುಮಾನ ಬಂದು, ಕ್ಲಾಸಿನಲ್ಲಿ ಹೇಳಿಕೊಟ್ಟಂತೆ ಅಂಗಾಲಿಗೆ ಬೆರಳು ಚಿಮ್ಮಿಸಿ ಹೊಡೆದೆ. ಮಗು ಕಾಲು ಎಳೆದುಕೊಳ್ಳಲಿಲ್ಲ. ಮತ್ತೆ ಹೊಡೆದೆ. ಅಜ್ಜಿ ಟವೆಲ್ ಎಳೆದುಕೊಂಡು, "ಏನಮ್ಮಾ, ಈಗ ತಾನೇ ಕಣ್ಣು ಮುಚ್ಚಿದೆ, ಎಬ್ಬಿಸ್ತೀಯಲ್ಲ" ಅಂದರು. ಅವರಿಗೆ ಹೇಳಬೇಕಿತ್ತು, ಗೊತ್ತು. ಬಾಯಿಗೆ ಬಂದದ್ದೆಲ್ಲ ಇಂಗ್ಲಿಷ್. ಮಗುವನ್ನು ಅವರ ತೊಡೆಯಿಂದ ಎತ್ತಿಕೊಂಡು ಕೆಂಪು ಪಟ್ಟಿಯವರ ಬಾಗಿಲಿನೊಳಕ್ಕೆ ಓಡಿದೆ. ಒಂದು ಚಪ್ಪಲಿ ಹಾಲ್‌ನಲ್ಲೇ ಉಳಿಯಿತು.

ಒಳಗೆ ಅವರಿಗೆ ರಕ್ತನಾಳವೇ ಸಿಗಲಿಲ್ಲ ಅಮ್ಮಾ. ಮೈಯಲ್ಲಿ ನೀರಿಲ್ಲದಿದ್ದರೆ ನಾಳಗಳು ಕುಗ್ಗಿಹೋಗುತ್ತವೆ. ಕೈ ನೋಡಿದರು, ಪಾದ ನೋಡಿದರು, ತಲೆ ನೋಡಿದರು. ಕೊನೆಗೆ ಡಾಕ್ಟರಮ್ಮ ಮೊಣಕಾಲಿನ ಕೆಳಗೆ ಎಲುಬಿಗೇ ಸೂಜಿ ಇಳಿಸಿ ಅಲ್ಲಿಂದ ನೀರು ಕೊಟ್ಟರು, ಸಕ್ಕರೆ ಕೊಟ್ಟರು. ನಾನು ಗೋಡೆಗೆ ಅಂಟಿಕೊಂಡು ಖಾಲಿ ಟವೆಲ್ ಹಿಡಿದು ನಿಂತಿದ್ದೆ. ಕಾಲಿನ ಪಟ್ಟಿ ಕಂಡು ಡಾಕ್ಟರಮ್ಮ, "ಇದಕ್ಕೆ ಹಸಿರು ಕಟ್ಟಿದ್ದು ಯಾರು?" ಅಂದರು. ಆಮೇಲೆ ಮಗು ಅತ್ತಿತು. ದೊಡ್ಡದಾಗಿ ಅಲ್ಲ, ಬೆಕ್ಕಿನ ಮರಿಯ ಹಾಗೆ. ಈಗ ವಾರ್ಡಿನಲ್ಲಿದೆ, ಹಾಲು ಕುಡಿಯುತ್ತಿದೆ, ರಂಪ ಮಾಡುತ್ತಿದೆ. ಇದನ್ನಾದರೂ ಅತ್ತೆಗೆ ಹೇಳು.

ಮಗುವಿನ ಅಪ್ಪ ಕೆಲಸದಿಂದ ಓಡಿಬಂದಾಗ ಅವರಿಗೆ ಕಂಡದ್ದು ಎಲುಬಿನಲ್ಲಿ ಸೂಜಿ, ಬಾಗಿಲಾಚೆ ಅಳುತ್ತಿರುವ ಅಜ್ಜಿ. ಯಾರೋ ಹುಡುಗಿ ಮಲಗಿದ್ದ ಕೂಸಿಗೆ ಹೊಡೆದು ಕಿತ್ತುಕೊಂಡು ಓಡಿದಳು ಎಂದು ಅಜ್ಜಿ ಹೇಳಿದ್ದರು. ಮಗುವಿನ ಅಪ್ಪ ಸೀದಾ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, "ನಮ್ಮ ಮಗು ಏನು ಪಾರ್ಸಲ್ಲಾ?" ಎಂದು ಕೇಳಿದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನಾಗಿದ್ದರೂ ಕೇಳುತ್ತಿದ್ದೆ.

ಸಿಟ್ಟು ಬಂದದ್ದು ಸಂಜೆ, ಮಗುವಿನ ಕಾಲಿನಲ್ಲಿ ಕೆಂಪು ಪಟ್ಟಿ ನೋಡಿದಾಗ. ಹಸಿರು ಎಲ್ಲಿ ಹೋಯಿತೋ. ಬಂದ ಕೂಡಲೇ ಕೆಂಪು ಕಟ್ಟಿ ಒಳಗೆ ಕಳಿಸಲಾಯಿತು ಎಂದು ರೆಕಾರ್ಡಿನಲ್ಲಿದೆ. ಹಾಗಾದರೆ ನಾನು ಓಡಿದ್ದು ಏತಕ್ಕೆ? ಕೆಂಪು ಪಟ್ಟಿಯ ಮಗುವನ್ನು ಬೆಂಚಿನಿಂದ ಯಾರು ಕಿತ್ತುಕೊಳ್ಳುತ್ತಾರೆ? ಈ ಪ್ರಶ್ನೆಗೆ ಉತ್ತರ ಹೊಂದಿಸಲೆಂದೇ ಪ್ರಿನ್ಸಿಪಾಲ್ ಮೇಡಂ ನನ್ನ ಪರವಾಗಿ ಚೆಂದವಾಗಿ ಟೈಪ್ ಮಾಡಿಸಿದ್ದಾರೆ: ನಾನು ಯಾವುದೇ ಕಾರಣವಿಲ್ಲದೆ, ಯಾರ ಅನುಮತಿಯೂ ಇಲ್ಲದೆ ಮಗುವನ್ನು ಎತ್ತಿಕೊಂಡು ಹೋದೆನಂತೆ. ಅನುಮತಿ ಕೇಳಲಿಲ್ಲ, ನಿಜ, ಅದಕ್ಕೆ ಸಾವಿರ ಸಲ ಸೈನ್ ಹಾಕುತ್ತೇನೆ. ಯಾವುದೇ ಕಾರಣವಿಲ್ಲದೆ ಅನ್ನುವುದನ್ನು ತೆಗೆಯಿರಿ ಎಂದು ಕೇಳಿದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಎರಡು ಪದಕ್ಕೆ ಒಂದು ವರ್ಷ ಕಳ್ಕೋತೀಯಾ?" ಅಂದರು. ಕೂಗಲೂ ಇಲ್ಲ. ಕೂಗಿದ್ದರೆ ಜಗಳವಾದರೂ ಆಡಬಹುದಿತ್ತು. ಇಲ್ಲಿ ಎಲ್ಲರೂ ಹತ್ತಿಯಲ್ಲಿ ಸುತ್ತಿ ಹೊಡೆಯುತ್ತಾರೆ.

ಕಾರಣ ಇತ್ತು ಅಂದರೆ ಹಸಿರು ಕಟ್ಟಿದವರು ಯಾರು ಎಂಬ ಮಾತು ಬರುತ್ತದೆ. ಮೇಜಿನಕ್ಕ ಕೈ ತೊಳೆಯುವ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ, ನಲ್ಲಿ ಬಿಟ್ಟುಕೊಂಡೇ ಮಾತಾಡಿದರು. ಅವರದು ಕಾಂಟ್ರಾಕ್ಟ್ ಕೆಲಸ. "ನಿಂಗೆ ಒಂದು ವರ್ಷ ಹೋಗುತ್ತೆ, ನಂಗೆ ಕೆಲಸಾನೇ ಹೋಗುತ್ತೆ" ಅಂದರು. ಅಷ್ಟು ಹೊತ್ತೂ ಅವರ ಕೈ ತೊಳೆಯುವುದು ಮುಗಿಯಲೇ ಇಲ್ಲ. ನಾನು ಅವರ ಹೆಸರು ಹೇಳುವುದಿಲ್ಲ, ಅದು ಬೇರೆ ವಿಷಯ. ಆದರೆ ಅವರ ಹೆಸರು ಹೇಳದಿರುವುದಕ್ಕೂ ನಾನು ಹುಚ್ಚಿ ಎಂದು ಬರೆದುಕೊಡುವುದಕ್ಕೂ ವ್ಯತ್ಯಾಸವಿಲ್ಲವೇ?

ಬಗ್ಗಿದವರ ತಲೆ ಬಾಗಿಲಿಗೆ ತಾಗುವುದಿಲ್ಲ ಎಂದು ನೀನು ಅನ್ನುತ್ತೀಯ. ಹಾಸ್ಟೆಲಿನಲ್ಲಿ ಯಾರೋ ಒಡೆದ ಗಾಜಿಗೆ ನಾನು ಸಾರಿ ಬರೆದುಕೊಟ್ಟಾಗಲೂ ಇದನ್ನೇ ಅಂದಿದ್ದೆ. ಬಗ್ಗಿ ಬಗ್ಗಿ ನನಗೀಗ ಜನರ ಚಪ್ಪಲಿ ಬಿಟ್ಟು ಬೇರೇನೂ ಕಾಣುವುದಿಲ್ಲ ಅಮ್ಮಾ. ಮೊನ್ನೆಯಿಂದ ಊಟ ಸೇರುತ್ತಿಲ್ಲ. ರೂಮ್‌ಮೇಟ್ ಹತ್ತಿರ ಹೇಳೋಣವೆಂದರೆ ಅವಳು ಬೀಗದ ಕೈ ಕಳೆದುಕೊಂಡವರನ್ನು ನೋಡುವ ಹಾಗೆ ನೋಡುತ್ತಾಳೆ. ನನ್ನ ಕಡೆ ಒಬ್ಬರಾದರೂ ಇದ್ದಾರೆ ಎಂದು ಗೊತ್ತಾಗಬೇಕು, ಅಷ್ಟೇ.

ನಾನು ಸೈನ್ ಹಾಕುವುದಿಲ್ಲ. ಕಾರಣ ಇತ್ತು. ನಾನು ನೋಡಿದೆ, ನನಗೆ ಗೊತ್ತಾಯಿತು, ಅದಕ್ಕೇ ಓಡಿದೆ. ಅಪ್ಪನಿಗೆ ಇದನ್ನು ಹೀಗೇ ಓದಿ ಹೇಳು.

ಒಂದು ವರ್ಷ ಹೋದರೆ ಹೋಗಲಿ ಎಂದುಕೊಂಡಿರುವ,
ನಿನ್ನ ಸಿಡುಕಿ

ತಾ.ಕ. (ಬುಧವಾರ): ಈ ಕಾಗದ ಇನ್ನೂ ಪೋಸ್ಟ್ ಆಗದೆ ನನ್ನ ಬ್ಯಾಗಿನಲ್ಲೇ ಇದೆ. ಬೆಳಿಗ್ಗೆ ಕ್ಷಮಾಪಣೆಗೆ ಸೈನ್ ಹಾಕಿದೆ. ಆ ಎರಡು ಪದ ತೆಗೆಯಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ನಿನಗೊಬ್ಬಳಿಗೆ ಹೇಳುತ್ತೇನೆ: ನಾನು ನೆತ್ತಿ ನೋಡಿರಲಿಲ್ಲ. ತುಟಿ, ಕಣ್ಣು ಯಾವುದನ್ನೂ ನೋಡಿರಲಿಲ್ಲ, ಅವೆಲ್ಲ ಆಮೇಲೆ ಪುಸ್ತಕ ತೆರೆದಾಗ ಹೊಳೆದವು. ಟವೆಲಿನಿಂದ ಒಂದು ಪಾದ ಹೊರಗೆ ಬಂದಿತ್ತು. ಅಷ್ಟು ಪುಟ್ಟದು. ಬೆಳಿಗ್ಗೆಯಿಂದ ಯಾರೂ ನನ್ನ ಮುಖ ನೋಡಿ ಮಾತಾಡಿರಲಿಲ್ಲ, ಸುಮ್ಮನೆ ಕಚಗುಳಿ ಇಡೋಣ ಅನ್ನಿಸಿತು. ಪಾದ ತಣ್ಣಗಿತ್ತು, ಆಮೇಲೇ ಹೊಡೆದು ನೋಡಿದ್ದು. ನನಗೆ ಅದನ್ನು ಮುಟ್ಟುವ ಆಸೆಯಾಗದಿದ್ದರೆ ಆ ಮಗು ಈಗಲೂ ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿರುತ್ತಿತ್ತು. ಮೇಡಂ ಹತ್ತಿರ ಹೇಳಿದೆ, ನಾನು ಸೈನ್ ಹಾಕುತ್ತೇನೆ, ಆದರೆ ನಾಳೆಯಿಂದ ಆ ಮೇಜಿನಲ್ಲಿ ಮಲಗಿದ ಕೂಸುಗಳನ್ನೆಲ್ಲ ಯಾವುದೇ ಕಾರಣವಿಲ್ಲದೆ ಎಬ್ಬಿಸಬೇಕು ಎಂದು. ಅವರು ಪೆನ್ನನ್ನು ನನ್ನ ಕಡೆ ಸರಿಸಿ ಹೂಂ ಅಂದರು. ಮಾಡುತ್ತಾರೋ ಇಲ್ಲವೋ, ಡ್ಯೂಟಿಗೆ ಹೋದರೆ ತಿಳಿಯುತ್ತದೆ. ಅಪ್ಪನಿಗೆ ಸೈನ್ ಹಾಕಿದೆ ಅನ್ನುವವರೆಗೆ ಮಾತ್ರ ಓದು.