ಗಾಜಿನ ಮೇಲೆ ಹಾಸಿದ ಕಂಬಳಿ

ಹಿರೇಗುಂಟನೂರು
18-1-2025

ತಂಗಿ ಶಿವಗಂಗಾಳಿಗೆ ನಿನ್ನ ಅಣ್ಣ ಕಾಟಲಿಂಗಪ್ಪನ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನತ್ತಿಗೆ, ಮಗಳು ಮೌನಿಕಾ, ಈ ಸಲ ಹುಟ್ಟಿದ ಕುರಿಮರಿಗಳು ಎಲ್ಲರೂ ಕ್ಷೇಮ. ಮಾಡದಕೆರೆಯಲ್ಲಿ ನೀವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೂ ನಿನ್ನನ್ನು ಕರೆಯಲಿಲ್ಲ, ಬೈದುಕೊಂಡಿರುತ್ತೀಯ. ಫೋನು ಹಚ್ಚಿದರೆ ನೀನು ‘ಅಣ್ಣಯ್ಯ’ ಅಂದ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದ.

ಹೊಸದುರ್ಗದಲ್ಲಿ ಅಂಗಡಿ ಇಟ್ಟ ನಿನ್ನ ಮಗ ಗಿರೀಶ, ಮೊದಲ ಸೋಲಾರ್ ಮಾವನ ಮನೆಗೇ ಎಂದು ಹಟ ಹಿಡಿದು ನಮ್ಮ ಮಾಳಿಗೆಯ ಮೇಲೆ ಕೂರಿಸಿಹೋದನಲ್ಲ. ಮೊದಮೊದಲು ಕೋಳಿ ಪುಕ್ಕ ಕೀಳುವಷ್ಟು ಬಿಸಿನೀರು. ನಾನು ಬೀದಿಬೀದಿಯಲ್ಲಿ ನಿಂತು ಹೊಗಳಿದೆ. ನಾಕಾರು ಮನೆಯವರು ತಮಗೂ ಬೇಕೆಂದು ಅವನಿಗೆ ಹೇಳಿಕಳಿಸಿದರು. ಚಳಿ ಶುರುವಾದ ಮೇಲೆ ಮಾತ್ರ ನೀರು ತಣ್ಣಗಾಗುತ್ತ ಬಂತು.

ಅಂಥ ಹೊತ್ತಿಗೇ ಮೌನಿಕಾಳ ಮದುವೆಯ ಮಾತುಕತೆಗೆಂದು ಬಿ.ದುರ್ಗದ ಬೀಗರು ಚಿತ್ರಲಿಂಗಪ್ಪನವರು ಬಂದು ಉಳಿದರು. ಗಿರೀಶನೂ ಬಂದಿದ್ದ. ಬೆಳಿಗ್ಗೆ ಬೀಗರು ಬಚ್ಚಲಿಗೆ ಹೋಗಿ ನಡುಗುತ್ತ ಹೊರಬಂದರು. “ಕಾಟಲಿಂಗಪ್ನೋರೇ, ನಿಮ್ಮ ಸೋಲಾರ್ ನೀರು ಕುರಿ ತೊಳೆಯಾಕೆ ಸರಿಯಾಗೈತೆ ಬಿಡ್ರಿ” ಎಂದರು. ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನನಗೆ ತಲೆ ತಗ್ಗಿಸುವಂತಾಯಿತು. ಆ ಸಿಟ್ಟನ್ನೆಲ್ಲ ಗಿರೀಶನ ಮೇಲೆ ತೀರಿಸಿಕೊಂಡೆ.

“ಲೇ, ಸ್ವಂತ ಮಾವನ ಮನೆಗೇ ಕೆಟ್ಟ ಮಾಲು ಹಾಕೀಯಲ್ಲೋ. ಇನ್ನ ಊರೋರ ಗತಿ ಏನಪ್ಪ?”

ಅವನು ಮಾಳಿಗೆ ಹತ್ತಿ ಹೋಗಿ ಸ್ವಲ್ಪ ಹೊತ್ತಿಗೆ ಇಳಿದು ಬಂದ. “ಫಿಟಿಂಗ್‌ನಾಗೆ ನಂದೇ ತಪ್ಪಾಗೈತೆ ಮಾಮ. ಸರಿ ಮಾಡೀನಿ, ಸಂಜಿಗೆ ಬಿಸಿನೀರು ಬರತೈತೆ” ಎಂದಷ್ಟೇ ಹೇಳಿದ. ನಿನ್ನತ್ತಿಗೆ ಉಣ್ಣಲು ಎಷ್ಟು ಕರೆದರೂ ನಿಲ್ಲಲಿಲ್ಲ. ಅವತ್ತೇ ಮಾತು ಊರೆಲ್ಲ ಹರಡಿತು. ಹೇಳಿಕಳಿಸಿದ್ದವರೆಲ್ಲ ಬೇರೆಯವರ ಅಂಗಡಿಗೆ ತಿರುಗಿಕೊಂಡರು. ಈಗ ಅವನು ಅಂಗಡಿಯನ್ನೇ ಮುಚ್ಚುತ್ತಾನಂತೆ ಎಂದು ಕೇಳಿ ನನಗೆ ಅನ್ನ ಇಳಿಯುತ್ತಿಲ್ಲ.

ತಪ್ಪು ಅವನದಲ್ಲ ಗಂಗಾ, ನನ್ನದು. ಚಳಿಗಾಲದಲ್ಲಿ ಕುರಿರೊಪ್ಪದಲ್ಲಿ ಮಲಗಿ ಎದ್ದರೆ ಕಂಬಳಿ ಇಬ್ಬನಿಗೆ ತೊಯ್ದು ಭಾರವಾಗಿರುತ್ತದೆ. ದಿನಾ ಬೆಳಿಗ್ಗೆ ತಂದು ಸೋಲಾರಿನ ಗಾಜಿನ ಹಲಗೆಯ ಮೇಲೆ ಹಾಸುತ್ತಿದ್ದೆ. ಸಂಜೆಗೆ ಗರಿಗರಿಯಾಗಿ, ಒಲೆ ಪಕ್ಕ ಇಟ್ಟಹಾಗೆ ಬೆಚ್ಚಗಿರುತ್ತಿತ್ತು. ನೀರು ಕಾಯುವುದು ಆ ಬಿಳಿ ಡ್ರಮ್ಮಿನಲ್ಲೇ, ಗಾಜು ಬರೀ ಅದರ ಮುಚ್ಚಳ ಎಂದುಕೊಂಡಿದ್ದೆ. ಮೊನ್ನೆ ಕಂಬಳಿಯನ್ನು ರೊಪ್ಪದಲ್ಲೇ ಮರೆತು ಬಂದೆ. ಸಂಜೆ ನಲ್ಲಿ ತಿರುಗಿಸಿದರೆ ಕೈ ಸುಟ್ಟಿತು. ಬಿಸಿಲು ಬೀಳಬೇಕಾದದ್ದು ಆ ಗಾಜಿಗೇ ಎಂದು ಆಗ ಗೊತ್ತಾಯಿತು.

ಅಂಗಡಿ ಮುಚ್ಚಬೇಡವೆಂದು ಅವನಿಗೆ ಹೇಳು. ಕಟ್ಟೆಯ ಮೇಲೆ ನಿಂತು ಊರವರಿಗೆ ನಾನೇ ಹೇಳುತ್ತೇನೆ. ಬೀಗರಿಗೂ ಹೇಳುತ್ತೇನೆ. ನಗುವವರು ನಗಲಿ. ನಿನಗೆ, ನಿನ್ನ ಮನೆಯವರಿಗೆ, ಮಕ್ಕಳಿಗೆ ಒಳ್ಳೆಯದಾಗಲಿ. ಹರಸುವುದಕ್ಕೆ ಕೈ ಎತ್ತಲೂ ನಾಚಿಕೆಯಾಗುತ್ತದೆ, ಆದರೂ ಎತ್ತಿದ್ದೇನೆ.

ಇಂತಿ ನಿನ್ನ ಅಣ್ಣ,
ಕಾಟಲಿಂಗಪ್ಪ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ನನಗೆ ಗೊತ್ತಾದದ್ದು ಮೊನ್ನೆಯಲ್ಲ, ಅವತ್ತೇ. ಗಿರೀಶ ಇಳಿದು ಬಂದ ಮೇಲೆ ನಾನೂ ಮಾಳಿಗೆ ಹತ್ತಿದೆ. ನಾನು ಹಾಸಿದ್ದ ಕಂಬಳಿಯನ್ನು ಅವನು ತೆಗೆದು, ಅಂಚು ಒಳಗೆ ಮಾಡಿ, ಚಿಕ್ಕವನಿದ್ದಾಗ ನಾನು ಕಲಿಸಿದ ಹಾಗೇ ಮಡಚಿ ಮೋಟುಗೋಡೆಯ ಮೇಲಿಟ್ಟಿದ್ದ. ಕೆಳಗೆ ಅಂಗಳದಲ್ಲಿ ಬೈಕಿನ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಇಳಿದು ಹೋಗಿ ಬೀಗರ ಪಕ್ಕ ಉಣ್ಣಲು ಕುಳಿತೆ. ಇದನ್ನು ಅವನ ಎದುರಿಗೇ ಓದು. ಆ ಕಂಬಳಿ ಇನ್ನೂ ಅದೇ ಮಡಿಕೆಯಲ್ಲಿದೆ. ಬಿಚ್ಚಲು ಕೈ ಬರುತ್ತಿಲ್ಲ. ರೊಪ್ಪದಲ್ಲಿ ಗೋಣಿಚೀಲ ಹೊದ್ದು ಮಲಗುತ್ತಿದ್ದೇನೆ.